ಮೂಗರ್ಜಿ ಬರೆದ ದುರುಗಣ್ಣ

ಹಗರಿಬೊಮ್ಮನಹಳ್ಳಿಯ ತಾಲೂಕು ಕಚೇರಿಯ ಎದುರು ಮಡಚುವ ಮೇಜೊಂದನ್ನು ಹಾಕಿಕೊಂಡು ದುರುಗಣ್ಣ ಇಪ್ಪತ್ತು ವರ್ಷ ಅರ್ಜಿ ಬರೆದ. ಪಹಣಿ ತಿದ್ದುಪಡಿ ಇರಲಿ, ವಿಧವಾ ವೇತನ ಇರಲಿ, ಅವನ ಅರ್ಜಿ ಶುರುವಾಗುತ್ತಿದ್ದುದು ಒಂದೇ ಧಾಟಿಯಲ್ಲಿ: ತಮ್ಮ ಪಾದಾರವಿಂದಗಳಲ್ಲಿ ಬಡವನಾದ ನಾನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ. ಅಕ್ಷರ ಎಷ್ಟು ದುಂಡಗೆಂದರೆ ಗುಮಾಸ್ತರು ಹಾಳೆ ನೋಡಿದ ಕೂಡಲೇ "ಇದು ದುರುಗಣ್ಣನ ಕೈ" ಅನ್ನುತ್ತಿದ್ದರು.

ಅವನ ಮನೆ ಇದ್ದದ್ದು ಕೋಗಳಿ ದಾರಿಯ ಒಂದು ಸಣ್ಣ ಹಳ್ಳಿಯಲ್ಲಿ. ಹೆಂಡತಿ ಹುಲುಗಮ್ಮ ಎರಡನೇ ಹೆರಿಗೆಯಲ್ಲಿ ಸಾಯುವ ಹಾಗಾಗಿ ಬದುಕಿದ್ದಳು. ಅವಳ ಮಂಚದ ಪಕ್ಕ ಕೂತು ಪ್ರಾರ್ಥನೆ ಮಾಡಿದ ನರ್ಸಮ್ಮನ ದೇವರೇ ತಮ್ಮ ದೇವರು ಎಂದು ಗಂಡಹೆಂಡತಿ ಇಬ್ಬರೂ ದೀಕ್ಷಾಸ್ನಾನ ತೆಗೆದುಕೊಂಡರು. ಕ್ರೈಸ್ತ ಸಭೆಯ ಪುಸ್ತಕದಲ್ಲಿ ಅವನ ಹೆಸರು ದಾವೀದ ಎಂದಾಯಿತು, ಊರಿನವರ ಬಾಯಲ್ಲಿ ಮಾತ್ರ ದುರುಗಣ್ಣನೇ ಉಳಿದ. ಅವನ ನಂಬಿಕೆ ಸುಳ್ಳಾಗಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು.

ಊರಲ್ಲಿ ತಗಡಿನ ಮಾಡಿನ ಪ್ರಾರ್ಥನಾ ಮಂದಿರವಿತ್ತು. ಮೂವತ್ತು ಮೂವತ್ತೈದು ಜನ ಸೇರುತ್ತಿದ್ದರು. ದುರುಗಣ್ಣ ಮುಂದೆ ಬಂದು ಕೂತವನಲ್ಲ. ಚಪ್ಪಲಿ ಬಿಡುವ ಜಾಗದಲ್ಲಿ, ಬಾಗಿಲಿಗೆ ಒತ್ತಿಕೊಂಡು ಕೂರುವನು. ಸಭೆಯ ಹಿರಿಯನಾಗು ಎಂದು ಪಾಸ್ಟರ್ ಮೂರು ಸಲ ಕೇಳಿದರೂ "ನನ್ನಂಥಾವಗ ಆ ಯೋಗ್ಯತಿ ಇಲ್ರಿ" ಎಂದು ಕಣ್ಣೊರೆಸಿಕೊಂಡ. ಪ್ರತಿ ಭಾನುವಾರ ಎದ್ದು ನಿಂತು ಪ್ರಾರ್ಥಿಸುವನು: "ಸ್ವಾಮೀ, ನಾನು ಹುಳ, ನಾನು ಕಸ, ಇಲ್ಲಿರೋ ಎಲ್ಲಾರಕಿಂತ ಕೆಟ್ಟಾವ ನಾನು." ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವರು. ಸಭೆ ಮುಗಿದು ಸೈಕಲ್ ತಳ್ಳಿಕೊಂಡು ಹೋಗುವಾಗ "ಎಂಥಾ ತಗ್ಗಿದ ಮನಸ್ಸು ಆತಂದು" ಎಂದು ಯಾರಾದರೂ ಹಿಂದೆ ಅಂದದ್ದು ಕಿವಿಗೆ ಬಿದ್ದರೆ ಆ ವಾರವೆಲ್ಲ ಅವನಿಗೆ ಹಗುರ. ಬೀಳದಿದ್ದರೆ ಏನೋ ಕಳೆದುಕೊಂಡ ಹಾಗೆ.

ತೊಂಬತ್ತೈದರಲ್ಲಿ ಊರಿನ ಅಂಗನವಾಡಿಗೆ ಕಾರ್ಯಕರ್ತೆ ಬೇಕಾದಾಗ ದುರುಗಣ್ಣನ ಮಗಳು ಕೋಮಲಾ ಅರ್ಜಿ ಹಾಕಿದಳು. ಅಪ್ಪನೇ ಬರೆದ ಅರ್ಜಿ. ಕೆಲಸ ಸಿಕ್ಕಿದ್ದು ಸುಂಕಮ್ಮನಿಗೆ. ಸುಂಕಮ್ಮ ಅದೇ ಸಭೆಯವಳು, ಗಂಡ ತೀರಿಕೊಂಡು ಸಣ್ಣ ಮಗಳೊಂದಿಗೆ ಇದ್ದವಳು. ಮಕ್ಕಳಿಗೆ ಹಾಡು ಹೇಳಿಕೊಡುತ್ತ, ಮೂಗು ಒರೆಸುತ್ತ, ಆ ಕೆಲಸಕ್ಕೇ ಹುಟ್ಟಿದವಳಂತೆ ಮಾಡಿದಳು. ದುರುಗಣ್ಣ ದಿನಾ ಸೈಕಲ್ ಮೇಲೆ ಆ ಹಾಡು ಕೇಳುತ್ತ ಹಾದುಹೋಗಬೇಕಿತ್ತು. ಒಂದು ವರ್ಷ ಕೇಳಿದ. ಆಮೇಲೊಂದು ಮಧ್ಯಾಹ್ನ, ಯಾರೂ ಗಿರಾಕಿಗಳಿಲ್ಲದಾಗ, ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ಎಡಗೈಯಲ್ಲಿ ಬರೆದ. ಬಲಗೈ ಅಕ್ಷರ ಇಡೀ ತಾಲೂಕಿಗೆ ಗೊತ್ತಲ್ಲ. ಸುಂಕಮ್ಮ ಮಕ್ಕಳ ಪೌಷ್ಟಿಕ ಹಿಟ್ಟನ್ನು ತನ್ನ ಆಡುಗಳಿಗೆ ಹಾಕುತ್ತಾಳೆ ಎಂದು ನಾಲ್ಕು ಸಾಲು, ಕೆಳಗೆ ಹೆಸರಿಲ್ಲ. ಮೂಗರ್ಜಿ.

ಅದು ಮುಟ್ಟಿದ ಕಚೇರಿಯಿಂದ ತನಿಖೆಗೆ ಜನ ಬಂದರು. ಆ ತಿಂಗಳು ಹಿಟ್ಟಿನ ಮೂಟೆಗಳು ಬರುವಾಗಲೇ ಎರಡು ಕಡಿಮೆ ಬಂದಿದ್ದವು, ಅದನ್ನು ಪುಸ್ತಕದಲ್ಲಿ ಬರೆಸಿಕೊಳ್ಳಬೇಕೆಂದು ಸುಂಕಮ್ಮನಿಗೆ ತಿಳಿದಿರಲಿಲ್ಲ. ಕೆಲಸ ಹೋಯಿತು. ಬಾವಿಯ ಹತ್ತಿರ ಹೆಂಗಸರು ಅವಳನ್ನು ಕಂಡರೆ ಕೊಡ ಎತ್ತಿಕೊಂಡು ದೂರ ನಿಲ್ಲತೊಡಗಿದರು. ಅವಳು ನೆಟ್ಟಗೆ ಬಂದದ್ದು ದುರುಗಣ್ಣನ ಹತ್ತಿರ.

"ಅಣ್ಣಾ, ನಾ ಕದ್ದಿಲ್ಲ ಅಂತ ಮ್ಯಾಲಿನವ್ರಿಗೆ ಒಂದು ಅರ್ಜಿ ಬರಕೊಡು."

ದುರುಗಣ್ಣ ಬರೆದ. ಬರೆಯುತ್ತ ಬರೆಯುತ್ತ ಅತ್ತ. ಅವಳು ಕೊಡಬಂದ ದುಡ್ಡನ್ನು ಮುಟ್ಟಲಿಲ್ಲ. ಸುಂಕಮ್ಮನೇ ಅವನಿಗೆ ಸಮಾಧಾನ ಹೇಳಿದಳು. ಆ ಅರ್ಜಿಯಿಂದ ಏನೂ ಆಗಲಿಲ್ಲ. ಮಗಳನ್ನು ಕರೆದುಕೊಂಡು ಅವಳು ಹಡಗಲಿ ಕಡೆಯ ಮಾಗಳದಲ್ಲಿದ್ದ ಅಕ್ಕನ ಮನೆಗೆ ಹೋದಳು. ಅಲ್ಲಿ ಮಲ್ಲಿಗೆ ಬಿಡಿಸಿ ಕಟ್ಟುವ ಕೆಲಸ. ಅಂಗನವಾಡಿ ಕೆಲಸ ಕೋಮಲಾಗೂ ಬರಲಿಲ್ಲ, ಅವಳು ಮದುವೆಯಾಗಿ ಹರಪನಹಳ್ಳಿಗೆ ಹೋದಳು. ದುರುಗಣ್ಣನ ಪ್ರಾರ್ಥನೆ ಮಾತ್ರ ಮೊದಲಿಗಿಂತ ಉದ್ದವಾಯಿತು. ಈಗೀಗ ಅದರಲ್ಲಿ "ನಾವೆಲ್ಲಾರೂ ತಪ್ಪು ಮಾಡೇವಿ, ನಮ್ಮ ಸಭಿಯೆಲ್ಲಾ ಪಾಪಕ್ಕ ಬಿದ್ದೈತಿ" ಎಂಬ ಮಾತೂ ಸೇರಿತು. ಎಲ್ಲರೂ ಎಂದಾಗ ತಾನೊಬ್ಬನೇ ಕಾಣುವುದಿಲ್ಲ, ಅದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಹೀಗೆ ಏಳು ವರ್ಷ ಕಳೆಯಿತು.

ಸಭೆಯಲ್ಲಿ ದ್ಯಾಮಕ್ಕ ಎಂಬ ಮುದುಕಿ ಇದ್ದಳು. ಓದು ಬಾರದವಳು, ಬಾಯಿಗೆ ಬಂದದ್ದನ್ನು ಅಂದುಬಿಡುವವಳು. ಎರಡು ಸಾವಿರದ ಮೂರರ ಒಂದು ಭಾನುವಾರ, ರೊಟ್ಟಿ ಮತ್ತು ದ್ರಾಕ್ಷಿರಸ ಹಂಚುವ ಪ್ರಭು ಭೋಜನ ಮುಗಿದ ಮೇಲೆ, ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ, ಅವಳು ದುರುಗಣ್ಣನ ಮುಂದೆ ನಿಂತಳು.

"ಹೌದಪ್ಪಾ ದುರುಗಣ್ಣ, ನೀ ಭಾಳ ಕೆಟ್ಟಾವ ಅದೀ ಅಂತ ವಾರ ವಾರ ಕೇಳಿ ನನಗೂ ಖರೇ ಅನ್ನಿಸೇತಿ. ಏನ್ ಮಾಡೀ ನೀ?"

ದುರುಗಣ್ಣನ ಮುಖ ಕೆಂಪಾಯಿತು. "ಏನ್ ಮಾತಬೇ ಇದು? ನಾ ಕೆಟ್ಟಾವ ಅಂತ ಯಾರು ಹೇಳ್ಯಾರ ನಿನಗ?"

"ಯಾರ್ ಹೇಳ್ಬೇಕು? ನೀನ ಹೇಳ್ದಿ!" ಮುದುಕಿಗೆ ನಿಜಕ್ಕೂ ಅಚ್ಚರಿ. "ನಾ ಹೋದ ವಾರ ಸೊಸಿಗೆ ಸೌಟಿಲೆ ಹೊಡದೆ. ಆಮ್ಯಾಲೆ ತಪ್ಪಾತವ್ವಾ ಅಂತ ಅಕಿ ಕೈ ಹಿಡದು ಹೇಳಿ, ಇವತ್ತು ರೊಟ್ಟಿ ರಸ ತಗೊಂಡೆ. ನಿಂದು ಏನೋ ದೊಡ್ಡದಿರಬೇಕು ಅಂತ ಕೇಳಿದೆ. ಸಿಟ್ಟಾಗಬ್ಯಾಡ."

ಸಿಟ್ಟಾಗಬೇಡ ಅಂದದ್ದೇ ಅವನನ್ನು ಚುಚ್ಚಿತು. ತಾನೇ ವರ್ಷಾನುಗಟ್ಟಲೆ ತನ್ನ ಬಗ್ಗೆ ಅಂದುಕೊಂಡು ಬಂದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಯಾಕೆ ಇಷ್ಟು ಉರಿಯಬೇಕು? ಮನೆಗೆ ಬಂದು ಊಟಕ್ಕೆ ಕೂತ, ರೊಟ್ಟಿ ಮುರಿಯಲಿಲ್ಲ. ಹುಲುಗಮ್ಮ ಏನಾಯಿತೆಂದು ಕೇಳಿದಾಗ, ಅಷ್ಟು ವರ್ಷದಲ್ಲಿ ಮೊದಲ ಸಲ, ಮೂಗರ್ಜಿಯ ಸುದ್ದಿ ಹೇಳಿದ. ಅವಳು ತಟ್ಟೆ ತೆಗೆದಿಟ್ಟಳು, ಬೈಯಲಿಲ್ಲ.

"ನನ್ನ ಮುಂದ ಯಾಕ ಹೇಳ್ತಿ? ನಾಳೆ ಮಾಗಳದ ಬಸ್ಸಿಗೆ ಹೋಗು" ಅಂದಳು.

ಮರುದಿನ ಮಧ್ಯಾಹ್ನ ಅವನು ಮಾಗಳ ಮುಟ್ಟಿದಾಗ ಸುಂಕಮ್ಮ ಕಟ್ಟೆಯ ಮೇಲೆ ಕೂತು ಮೊಗ್ಗು ಕಟ್ಟುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಅವನನ್ನು ಕಂಡದ್ದೇ ಸಂತೋಷದಿಂದ ಎದ್ದಳು. ದುರುಗಣ್ಣ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಾಯಿಗೆ ಬರುವಷ್ಟರಲ್ಲಿ ಬೇರೆಯಾಯಿತು.

"ತಂಗೀ, ನನ್ನಿಂದ ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳವ್ವಾ. ನಾ ಪಾಪಿ."

"ನಿಂದೇನು ತಪ್ಪಣ್ಣಾ? ಊರೆಲ್ಲಾ ಉಗುಳೋವಾಗ ನನಗಾಗಿ ಅತ್ತಾವ ನೀನೊಬ್ಬನ. ಕುಂದ್ರು, ಚಾ ಮಾಡ್ತೀನಿ."

ಅವನು ಚಹಾ ಕುಡಿದ. ಕ್ಷಮೆ ಕೇಳಿದ್ದಾಯಿತು, ಅವಳು ಕ್ಷಮಿಸಿದ್ದೂ ಆಯಿತು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಬಸ್ಸಿನ ಹತ್ತಿರ ಬಂದ. ಹಡಗಲಿ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟ. ಕಂಡಕ್ಟರ್ "ಹತ್ರಿ ಯಜಮಾನ್ರ" ಎಂದು ಎರಡು ಸಲ ಕೂಗಿದ. ದುರುಗಣ್ಣ ಕಾಲು ತೆಗೆದ.

ಮತ್ತೆ ಆ ಕಟ್ಟೆಯ ಮುಂದೆ ಬಂದು ನಿಂತೇ ಹೇಳಿದ.

"ಸುಂಕಮ್ಮ, ಆ ಮೂಗರ್ಜಿ ಬರದಾವ ನಾನು. ಹಿಟ್ಟು ಆಡಿಗೆ ಹಾಕ್ತಾಳ ಅಂತ ಬರದೆ. ಸುಳ್ಳು ಅಂತ ಗೊತ್ತಿದ್ದು ಬರದೆ. ಕೋಮಲಾಗ ನಿನ್ನ ಕೆಲಸ ಬರ್ಲಿ ಅಂತ ಬರದೆ."

ಅವಳ ಬೆರಳು ನಿಂತವು. ಕಟ್ಟುತ್ತಿದ್ದ ದಾರವನ್ನು ಪಕ್ಕಕ್ಕಿಟ್ಟಳು.

"ಹಂಗಾರ ಅವತ್ತು ನನ್ನ ಅರ್ಜಿ ಬರೀತಾ ಯಾಕ ಅತ್ತಿ?"

ದುರುಗಣ್ಣನ ಕಣ್ಣು ತುಂಬಿ ಬಂತು.

"ಅಳಬ್ಯಾಡ" ಅಂದಳು ಸುಂಕಮ್ಮ, ದನಿ ಏರಿಸದೆ. "ಅವತ್ತು ನೀ ಅತ್ತಿ, ನಾ ಸಮಾಧಾನ ಮಾಡ್ದೆ. ಇವತ್ತು ನನ್ನ ಕೈಲೆ ಆಗಂಗಿಲ್ಲ."

ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಅವಳೇ ಮತ್ತೆ ಹೇಳಿದಳು: "ನನ್ನ ಹೆಸರು ಕೆಟ್ಟದ್ದು ಆ ಊರಾಗ. ನನ್ನ ಮಗಳಿಗೆ ಹಿಟ್ಟುಗಳ್ಳಿ ಮಗಳು ಅಂತಿದ್ರು. ಇಲ್ಲಿ ಹೇಳಿದ್ರ ಏನ್ ಬಂತು? ಅಲ್ಲಿ ಹೇಳು."

ಮುಂದಿನ ಭಾನುವಾರ ದುರುಗಣ್ಣ ಎದ್ದು ನಿಂತಾಗ ಹುಳ, ಕಸ ಎಂಬ ಮಾತು ಬರಲಿಲ್ಲ. ಇಸವಿ ಹೇಳಿದ, ಮೂಗರ್ಜಿಯಲ್ಲಿ ಬರೆದದ್ದನ್ನು ಹೇಳಿದ, ಯಾಕೆ ಬರೆದೆ ಎಂದು ಹೇಳಿ ಕೂತ. ಎರಡು ನಿಮಿಷವೂ ಹಿಡಿಯಲಿಲ್ಲ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ಹೊರಗೆ ಹೋದ. ಅದೇ ಸಂಜೆ ಅವನು ಊರ ಕಟ್ಟೆಯ ಹತ್ತಿರವೂ ಹೇಳಿದ, ಬಾವಿಯ ಹತ್ತಿರ ಕೂಡ. ಸೋಮವಾರ ಅದನ್ನೇ ಬಲಗೈಯಲ್ಲಿ ಬರೆದು, ಹೆಸರು ಹಾಕಿ, ಕಚೇರಿಗೆ ಕೊಟ್ಟ. ಕೆಲಸ ಮರಳಿ ಸಿಗಲಿಲ್ಲ, ಅಲ್ಲಿ ಆಗಲೇ ಬೇರೆಯವಳಿದ್ದಳು. ಆದರೆ ಊರಿನ ನಾಲ್ಕು ಜನ ಹೆಂಗಸರು ತಾವಾಗಿ ಮಾಗಳಕ್ಕೆ ಹೋಗಿ ಸುಂಕಮ್ಮನನ್ನು ಕರೆದುಕೊಂಡು ಬಂದರು.

ದುರುಗಣ್ಣನ ಮೇಜಿಗೆ ಆರು ತಿಂಗಳು ಗಿರಾಕಿಗಳು ಬರಲಿಲ್ಲ. ಕೋಮಲಾ ಹರಪನಹಳ್ಳಿಯಿಂದ ಬಂದು "ನನ್ನ ಹೆಸರೂ ಯಾಕ ತಂದ್ಯಪ್ಪಾ" ಎಂದು ಅತ್ತು ಹೋದಳು. ಒಂದು ದಿನ ಪಾಸ್ಟರ್, ಕೂಡ್ಲಿಗಿಯಲ್ಲಿ ನಡೆಯುವ ದೊಡ್ಡ ಕೂಟದಲ್ಲಿ ಈ ಸಾಕ್ಷಿ ಹೇಳಬೇಕು, ಇಂಥ ದೀನತೆ ಎಲ್ಲರಿಗೂ ಮಾದರಿ ಎಂದರು. ಆ ಮಾತಿಗೆ ಎದೆಯೊಳಗೆ ಹಳೆಯ ಕಚಗುಳಿ ಎದ್ದದ್ದನ್ನು ಅವನು ಗುರುತು ಹಿಡಿದ.

"ಬ್ಯಾಡ್ರಿ. ಅದನ್ನ ಹೇಳಾಕ ಹೋದ್ರ ನಾ ಮತ್ತ ಕೆಡ್ತೀನಿ" ಅಂದ.

ಸುಂಕಮ್ಮ ಹುಲುಗಮ್ಮನೊಂದಿಗೆ ಮಾತಾಡುತ್ತಿದ್ದಳು, ಅವನೊಂದಿಗಲ್ಲ. ಅವನೂ ಒತ್ತಾಯಿಸಲಿಲ್ಲ. ವರ್ಷ ಕಳೆದ ಮೇಲೆ ಒಂದು ಸಂತೆಯ ದಿನ ಬಸ್ಸು ತುಂಬಿ ಹೋಗಿತ್ತು. ದುರುಗಣ್ಣ ಕಂಬಿ ಹಿಡಿದು ಒದ್ದಾಡುತ್ತಿದ್ದ. ಪಕ್ಕದ ಸೀಟಿನಲ್ಲಿ ಸುಂಕಮ್ಮ ಕಾಯಿಪಲ್ಲೆಯ ಚೀಲವನ್ನು ಬಗಲಿಗೆ ಇಟ್ಟುಕೊಂಡು ಕೂತಿದ್ದಳು. ಒಂದಷ್ಟು ದೂರ ಕಿಟಕಿಯ ಹೊರಗೇ ನೋಡಿದಳು. ಆಮೇಲೆ ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಅವನ ಮುಖ ನೋಡದೆಯೇ ಅಂದಳು:

"ಕುಂದ್ರು."

ಅವನು ಕೂತ.