ಲಂಕೆ ಕಾಣದ ಜಗದೇವಪ್ಪ

ನನ್ನ ಸೋದರಮಾವ ಜಗದೇವಪ್ಪನನ್ನು ಕಮಲಾಪುರದಲ್ಲಿ ಯಾರೂ ಬರೀ ಹೆಸರಿನಿಂದ ಕರೆದದ್ದಿಲ್ಲ. ಲಂಕಿ ಜಗದೇವಪ್ಪ ಎಂದರೆ ಸಣ್ಣ ಕೂಸೂ ಮನೆ ತೋರಿಸುತ್ತಿತ್ತು. ಅಂಥ ಮಾವ ಲಂಕೆಯ ನೆಲದ ಮೇಲೆ ಒಂದು ಹೆಜ್ಜೆಯನ್ನೂ ಇಟ್ಟವನಲ್ಲ. ಊರಿಗೆ ಇದು ಇವತ್ತಿಗೂ ಗೊತ್ತಿಲ್ಲ. ನನಗೆ ಹೇಳಿದವಳು ಚಂದಮ್ಮ, ಹೇಳುವ ಹಕ್ಕು ಇದ್ದದ್ದೂ ಅವಳಿಗೇ.

ಮಾವನದು ಕೆಂಪು ಬಾಳೆಯ ತೋಟ. ವರ್ಷಾ ಉರುಸಿಗೆ ಬಂಡಿ ತುಂಬ ಹಣ್ಣು ಹೇರಿಕೊಂಡು ಕಲಬುರ್ಗಿಯ ರೋಜಾ ದರ್ಗಾಕ್ಕೆ ಹೋಗುತ್ತಿದ್ದ. ಹಣ್ಣು ಮಾರುವುದಕ್ಕಿಂತ ಫಕೀರರ ಮುಂದೆ ಕೂತು ಊರೂರ ಸುದ್ದಿ ಕೇಳುವುದೇ ಅವನಿಗೆ ದೊಡ್ಡ ಕೆಲಸ. ಅವರಲ್ಲೊಬ್ಬ ಸರಂದೀಪದ ಸುದ್ದಿ ತೆಗೆದ. ಸರಂದೀಪ ಅಂದರೆ ನಮ್ಮ ಲಂಕೆಯೇ. ಅಲ್ಲೊಂದು ಮುಗಿಲೆತ್ತರದ ಗುಡ್ಡ, ಅದರ ತುದಿಯಲ್ಲಿ ಬಾಬಾ ಆದಮರ ಹೆಜ್ಜೆ ಮೂಡಿದೆಯಂತೆ. ಹಿಂದೂಗಳು ಅದನ್ನೇ ಶಿವನ ಪಾದ ಅನ್ನುತ್ತಾರಂತೆ, ಎಲ್ಲರೂ ಒಂದೇ ಸರಪಳಿ ಹಿಡಿದು ಹತ್ತುತ್ತಾರಂತೆ. ಅಷ್ಟು ಕೇಳಿದ್ದೇ ತಡ, ಮಾವನಿಗೆ ಊಟ ನಿದ್ದೆ ಬೇಡವಾಯಿತು.

ಒಬ್ಬನೇ ಹೋಗುವ ಧೈರ್ಯ ಇರಲಿಲ್ಲ, ಗೆಳೆಯ ಖಂಡೆಪ್ಪನಿಗೆ ಗಂಟುಬಿದ್ದ. ಖಂಡೆಪ್ಪನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ತಾಯಿ ಗುರಬಸಮ್ಮ, ಹೆಂಡತಿ ಚಂದಮ್ಮ. ಅವನಿಗೆ ಎಳ್ಳಷ್ಟೂ ಮನಸ್ಸಿರಲಿಲ್ಲ. "ರಾಮೇಶ್ವರಕ್ಕಂತ ಹೋಗೂಣು. ಅಲ್ಲಿಂದ ಹಡಗದಾಗ ಒಂದು ಹೊತ್ತಿನ ದಾರಿ" ಎಂದು ಮಾವ ಅವನನ್ನು ಮೂರು ತಿಂಗಳು ಕಾಡಿದ. ಕೊನೆಗೆ ನಿಜಾಮರ ಫಸಲಿ 1327ರಲ್ಲಿ, ಅಂದರೆ ಇಂಗ್ಲಿಷಿನ 1917-18ರಲ್ಲಿ, ಇಬ್ಬರೂ ಕಲಬುರ್ಗಿ ಸ್ಟೇಷನ್ನಿನಲ್ಲಿ ರೈಲು ಹತ್ತಿದರು.

ಲಂಕೆಗೆ ಹೋಗುವವರನ್ನು ಆಗ ಸಮುದ್ರದ ಈಚೆಯ ಮಂಡಪಂ ಕ್ಯಾಂಪಿನಲ್ಲಿ, ರೋಗ ಇದೆಯೋ ಇಲ್ಲವೋ ನೋಡಲು, ಕೆಲವು ದಿನ ಇರಿಸಿಕೊಳ್ಳುತ್ತಿದ್ದರು. ನಾಲ್ಕನೇ ದಿನ ಖಂಡೆಪ್ಪನಿಗೆ ವಾಂತಿಭೇದಿ ಹತ್ತಿತು. ಮರುದಿನ ಮಧ್ಯಾಹ್ನ ತೀರಿಕೊಂಡ. ಮಾವ ದಂಡೆಯ ಉಸುಕಿನಲ್ಲಿ ಅವನಿಗೆ ಮಣ್ಣು ಕೊಟ್ಟ. ಮಾವನನ್ನು ಮೂರು ವಾರ ಬೇರೆ ಇಟ್ಟು, ಆಮೇಲೆ ಹಿಂದಕ್ಕೆ ಕಳಿಸಿದರು. ಆ ಮೂರು ವಾರದಲ್ಲಿ, ಮೊದಲೊಮ್ಮೆ ಲಂಕೆಗೆ ಹೋಗಿ ಬಂದು ಮತ್ತೆ ಹೊರಟಿದ್ದ ಕೂಲಿಗಳ ಬಾಯಿಂದ ಕೇಳಿದ್ದಷ್ಟೇ ಅವನು ಕಂಡ ಲಂಕೆ.

ರೈಲಿನಲ್ಲಿ ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡೇ ಬಂದಿದ್ದ. ಊರಲ್ಲಿ ಬಂಡಿ ಇಳಿಯುತ್ತಿದ್ದ ಹಾಗೆ ಗುರಬಸಮ್ಮ ಎದುರು ಬಂದು, "ನಮ್ಮ ಖಂಡ್ಯಾ ಎಲ್ಲಪ್ಪಾ?" ಎಂದಳು. ಅವಳ ಹಿಂದೆ ಚಂದಮ್ಮ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಹಟ ಮಾಡಿ ಕರೆದೊಯ್ದವನು ಯಾರೆಂದು ಇಬ್ಬರಿಗೂ ಗೊತ್ತಿತ್ತು.

"ಅಲ್ಲೇ ನೌಕರಿ ಹಿಡದಾನ, ಅವ್ವಾ" ಅಂದ ಮಾವ. "ದಾಲ್ಚಿನ್ನಿ ತೋಟದಾಗ. ಐದು ವರ್ಷದ ಕರಾರು."

ಹೇಡಿ. ನನ್ನನ್ನು ಎತ್ತಿ ಆಡಿಸಿದ ಮಾವನೇ, ಆದರೂ ಬೇರೆ ಮಾತು ನನಗೆ ಸಿಗುವುದಿಲ್ಲ.

ಆಮೇಲೆ ಆ ಸುಳ್ಳಿಗೆ ಇರಲು ಒಂದು ದೇಶ ಬೇಕಾಯಿತು. ಸೋಮವಾರ ಬಂತೆಂದರೆ ಗುರಬಸಮ್ಮ ಮಾವನನ್ನು ಕರೆಸಿ ಮನೆಮುಂದಿನ ಕಟ್ಟೆಯ ಮೇಲೆ ಕೂಡಿಸುತ್ತಿದ್ದಳು. ಓಣಿಗೆ ಓಣಿಯೇ ಸೇರುತ್ತಿತ್ತು. ಒಂದರೊಳಗೊಂದು ಏಳು ಭರಣಿಗಳಲ್ಲಿ ಇಟ್ಟ ಬುದ್ಧನ ಹಲ್ಲು, ಅದನ್ನು ಹೊತ್ತು ಮೆರೆಯುವ ಆನೆ, ಸೀತೆ ಅಳುತ್ತ ಕೂತ ತೋಟ, ಹನುಮಂತ ಬೆಂಕಿ ಇಟ್ಟದ್ದಕ್ಕೆ ಇನ್ನೂ ಕರ್ರಗೇ ಇರುವ ಮಣ್ಣು, ಎಲ್ಲ ಬಂದವು. "ನಮ್ಮ ಹೊಲದ ಮಣ್ಣೂ ಕರ್ರಗದಲೋ, ಅದನ್ನ ಯಾರು ಸುಟ್ಟಾರ?" ಎಂದು ನೆರೆಮನೆಯ ಯಂಕಪ್ಪ ಕಾಲೆಳೆದರೆ ಎಲ್ಲರೂ ನಗುತ್ತಿದ್ದರು. ಮಾವನೂ ನಗಬೇಕಿತ್ತು. ಚಂದಮ್ಮ ಮಾತ್ರ ಆನೆ, ಹಲ್ಲು ಯಾವುದನ್ನೂ ಕೇಳುತ್ತಿರಲಿಲ್ಲ. ಒಮ್ಮೆ, "ಅವರು ಊಟಕ್ಕ ಏನು ಮಾಡ್ತಾರ್ರೀ?" ಎಂದು ಕೇಳಿದಳು. "ಬರೇ ಅನ್ನ, ತಂಗೀ. ಅಲ್ಲಿ ರೊಟ್ಟಿ ಸಿಗೂದಿಲ್ಲ" ಎಂದ ಮಾವ. ಅವತ್ತಿನಿಂದ ಅವಳು ರೊಟ್ಟಿ ತಿನ್ನುವುದನ್ನೇ ಬಿಟ್ಟಳು. ಅದು ಗೊತ್ತಾದ ಮೇಲೆ ಮಾವ ಎರಡು ದಿನ ತೋಟದಿಂದ ಮನೆಗೆ ಬರಲಿಲ್ಲ.

ಐದು ವರ್ಷ ಮುಗಿದವು. ಉರುಸಿಗೆ ಬಂದ ಫಕೀರರ ಕೈಲಿ ಖಂಡೆಪ್ಪ ಹೇಳಿಕಳಿಸಿದ್ದಾನೆ ಎಂದು ಮಾವ ಕರಾರಿಗೆ ಇನ್ನೈದು ಸೇರಿಸಿದ. ಆರನೇ ವರ್ಷ ಅಣವೀರಪ್ಪ ಎಂಬುವನು ಚಂದಮ್ಮನನ್ನು ಕೇಳಿಕೊಂಡು ಬಂದ. ಹೆಂಡತಿ ತೀರಿಹೋಗಿದ್ದ, ಒಕ್ಕಲುತನದ, ಮಾತು ಕಡಿಮೆಯ ಮನುಷ್ಯ. ಗಂಡ ಸತ್ತವಳಿಗೆ, ಗಂಡ ಬಿಟ್ಟವಳಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಉಡಕಿ ನಮ್ಮಲ್ಲಿ ನಡೆಯುತ್ತದೆ. ಚಂದಮ್ಮನಿಗೆ ಆಗ ಇಪ್ಪತ್ತಮೂರು. ಅವಳಿಗೂ ಮನಸ್ಸಿತ್ತು. ತಾನೇ ತೋಟಕ್ಕೆ ಬಂದು ಮಾವನನ್ನು ಕೇಳಿದಳು.

"ಜಗದೇವಣ್ಣ, ಅವರು ಬರೂದು ಖರೇ ಏನ್ರಿ? ಬರೂದಿಲ್ಲಂದ್ರ ಇಲ್ಲಂತ ಹೇಳ್ರಿ. ನಾ ಅಳೂದಿಲ್ಲ."

"ಉರುಸು ಆಗಲಿ, ಹೇಳ್ತೀನಿ" ಎಂದ ಮಾವ.

ಅವನು ಹೂಡಿದ ಉಪಾಯ ಕೇಳಿ. ತನ್ನ ಬಾಯಿಂದ ಆಗದ್ದನ್ನು ಬೇರೆಯವರ ಬಾಯಿಂದ ಆಡಿಸುವುದು. ಉರುಸಿನಲ್ಲಿ ಲಾಲ್ ಅಹ್ಮದ್ ಎಂಬುವನು ಸಿಕ್ಕಿದ. ಹಡಗಿನ ಅಡುಗೆಯವನಾಗಿ ಹೋಗಿ ಲಂಕೆಯಲ್ಲಿ ನಾಲ್ಕು ವರ್ಷ ಇದ್ದು ಬಂದವನು. ಮಾವ ಅವನನ್ನು ಬಂಡಿಯಲ್ಲಿ ಕೂಡಿಸಿಕೊಂಡು ಕಮಲಾಪುರಕ್ಕೆ ತಂದ. ಲಂಕೆ ಕಂಡವನು ಎದುರಿಗೆ ಕೂತರೆ ತನ್ನ ಬಣ್ಣ ಬಯಲಾಗುತ್ತದೆ, ಊರು ಉಗಿಯುತ್ತದೆ, ಚಂದಮ್ಮ ಬಿಡುಗಡೆಯಾಗುತ್ತಾಳೆ ಎಂದು ಅವನ ಲೆಕ್ಕ.

ಗುರಬಸಮ್ಮ ಲಾಲ್ ಅಹ್ಮದನನ್ನು ಕಟ್ಟೆಯ ಮೇಲೆ ಕೂಡಿಸಿ, ಬಾಳೆಹಣ್ಣು, ಹಾಲು ಕೊಟ್ಟು ಉಪಚರಿಸಿದಳು. ಮಾವ ಸುರುಮಾಡಿದ. ಗುಡ್ಡ ಬಂದರಿನಿಂದ ಕೂಗಳತೆ ಎಂದ. ಲಾಲ್ ಅಹ್ಮದ್ ತಲೆದೂಗಿದ. ಅಲ್ಲಿಯ ಸಮುದ್ರದ ನೀರು ಸಿಹಿ ಎಂದ, ಬೇಕಂತಲೇ. ಲಾಲ್ ಅಹ್ಮದ್ ಒಂದು ಕ್ಷಣ ಮಾವನ ಮುಖ ನೋಡಿದ, ಆಮೇಲೆ ಹೆಂಗಸರ ಕಡೆ ನೋಡಿದ.

"ಸಬ್ ಸಚ್, ಮಾಜೀ. ಇವರು ಹೇಳಿದಂಗೇ ಅದ."

"ನಮ್ಮ ಖಂಡ್ಯಾನ್ನ ಕಂಡಿದ್ದಿ ಏನಪ್ಪಾ?" ಎಂದಳು ಗುರಬಸಮ್ಮ.

"ದೊಡ್ಡ ಮುಲ್ಕು ಅದು, ಮಾಜೀ. ಆದ್ರ ದಾಲ್ಚಿನ್ನಿ ತೋಟದವರು ಆರಾಮ ಇರ್ತಾರ."

ಕಳಿಸಿಕೊಡಲು ಹೋದಾಗ ದಾರಿಯಲ್ಲಿ ಅವನು ಮಾವನ ಹೆಗಲ ಮೇಲೆ ಕೈ ಇಟ್ಟ. "ಭಾಯಿ, ಸಮುದ್ರ ಸಿಹಿ ಅಂದಾಗ ನಗು ತಡಕೊಳ್ಳೂದು ಭಾಳ ಕಷ್ಟ ಆಯ್ತು. ಹೆಣ್ಣುಮಕ್ಕಳ ಮುಂದ ನಿಮ್ಮ ಇಜ್ಜತ್ ಹ್ಯಾಂಗ ಕಳೀಲಿ?" ಒಳ್ಳೆಯ ಮನುಷ್ಯ. ಅವನ ಒಳ್ಳೆಯತನದಿಂದ ಮಾವನಿಗೆ ಇದ್ದ ಒಂದು ಬಾಗಿಲೂ ಮುಚ್ಚಿತು. ಕಣ್ಣಾರೆ ಕಂಡ ಸಾಕ್ಷಿ ಸಿಕ್ಕಿತೆಂದು ಚಂದಮ್ಮ ಅವತ್ತೇ ಅಣವೀರಪ್ಪನಿಗೆ ಆಗುವುದಿಲ್ಲ ಎಂದು ಹೇಳಿಕಳಿಸಿದಳು.

ಮರುದಿನವೇ ಹೋಗಿ ಹೇಳಬಹುದಿತ್ತು. ನಾಳೆ ನಾಳೆ ಎನ್ನುತ್ತ ಮಾವ ಎಂಟು ದಿನ ಕಳೆದ. ಐದನೇ ದಿನವೇ ಅಣವೀರಪ್ಪ ಆಳಂದದ ಕಡೆಯ ಹೆಣ್ಣಿಗೆ ಒಪ್ಪಿಗೆ ಕೊಟ್ಟು ಎಲೆಅಡಿಕೆ ಬದಲಾಯಿಸಿದ್ದ. ಒಂಬತ್ತನೇ ದಿನ ಮುಂಜಾನೆ ಮಾವ ಚಂದಮ್ಮನ ಹಿತ್ತಲಿಗೆ ಹೋದ. ಅವಳು ತೊಗರಿ ಕೇರುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿಬಿಟ್ಟ, ಕ್ಯಾಂಪು, ವಾಂತಿಭೇದಿ, ಉಸುಕು.

ಚಂದಮ್ಮ ಮೊರ ಕೆಳಗಿಟ್ಟಳು. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಕೊಡುತ್ತಾರೆ. ಅವಳು ಕೇಳಿದ್ದು ಅದನ್ನು.

"ಕೂಡಿಸಿದ್ರ್ಯೋ, ಮಲಗಿಸಿದ್ರ್ಯೋ?"

"ಮಲಗಿಸೀನಿ, ತಂಗೀ. ಉಸುಕು ನಿಲ್ಲಲಿಲ್ಲ."

ಮಾವ, "ಈಗ ಹೋಗಿ ಊರಿಗೆಲ್ಲ ಹೇಳ್ತೀನಿ" ಎಂದು ತಿರುಗಿದ.

"ನಿಂದರ್ರಿ" ಎಂದಳು ಚಂದಮ್ಮ. "ಈಗ ಹೇಳಿದ್ರ ನನಗ ಏನು ಬರ್ತದ? ಅಣವೀರಪ್ಪ ಬರ್ತಾನ? ಬಳಿ ಒಡೀತಾರ, ಅಷ್ಟ. ಅತ್ತಿ ಎದಿ ಒಡಕೊಂಡು ಸಾಯ್ತಾಳ. ಸೋಮವಾರ ಬರ್ರಿ. ಮುಂಚಿನಂಗ ಹೇಳ್ರಿ."

"ನನ್ನ ಕೈಲೆ ಆಗೂದಿಲ್ಲ, ತಂಗೀ."

"ಆಗ್ತದ. ಆರು ವರ್ಷ ಆಗ್ಯದ."

ಗುರಬಸಮ್ಮ ಅದಾದ ಮೇಲೆ ಹದಿನಾಲ್ಕು ವರ್ಷ ಬದುಕಿದಳು. ಒಂದು ಸೋಮವಾರವೂ ತಪ್ಪಲಿಲ್ಲ, ಕರಾರೂ ಬೆಳೆಯುತ್ತಲೇ ಹೋಯಿತು. ಮಾವ ಜ್ವರದಲ್ಲೂ ಹೋದ, ಮಗಳ ಮದುವೆಯ ಹಂದರದಿಂದ ಎದ್ದೂ ಹೋದ. ಕೊನೆಕೊನೆಗೆ ಓಣಿಯವರು ಬರುವುದನ್ನು ಬಿಟ್ಟರು, ಮುದುಕಿ, ಸೊಸೆ, ಮಾವ ಮೂವರೇ ಉಳಿದರು. ನಾನು ತವರಿಗೆ ಬಂದಿದ್ದಾಗ ಒಂದು ಸೋಮವಾರ ಮಾವನ ಜೊತೆ ಹೋಗಿದ್ದೆ. ಚಂದಮ್ಮ ಅತ್ತೆಯ ಕಾಲು ಒತ್ತುತ್ತಿದ್ದಳು. ಕಣ್ಣು ಕಾಣದ ಮುದುಕಿ, "ಜಗದೇವಾ, ಖಂಡ್ಯಾನ ತಲಿ ಬೆಳ್ಳಗಾಗ್ಯದೇನೋ?" ಎಂದಳು. ಮಾವ ಚಂದಮ್ಮನ ಮುಖ ನೋಡಿದ. ಅವಳು ಒತ್ತುವ ಕೈ ನಿಲ್ಲಿಸದೆ, "ಹೇಳ್ರಿ" ಎಂದಳು.

"ಈಗೀಗ ಸುರು ಆಗ್ಯದ, ಅವ್ವಾ" ಎಂದ ಮಾವ. "ಕಿವಿ ಹತ್ರ, ಸ್ವಲ್ಪ."