ಸ್ಲ್ಯಾಬಿನ ಸದ್ದು ಕೇಳುವ ತಟ್ಟಕ್ಕ

ಬೆಳಿಗ್ಗೆ ಎದ್ದ ತಟ್ಟಕ್ಕ ಮುಖ ತೊಳೆಯುವುದಕ್ಕೂ ಮೊದಲು ತನ್ನ ಮನೆಯ ತಾರಸಿ ಹತ್ತುತ್ತಾಳೆ. ಮೂಲೆಯಲ್ಲಿ ಮಳೆನೀರು ಇಳಿಯುವ ಪೈಪಿನ ಬಾಯಿದೆ. ಕುಕ್ಕರಗಾಲಲ್ಲಿ ಕುಳಿತು ಎರಡು ಬೆರಳು ಅದರೊಳಗೆ ಹಾಕುತ್ತಾಳೆ. ಸಿಕ್ಕಿದ ಎಲೆ, ಕಡ್ಡಿ, ಪಾರಿವಾಳದ ಪುಕ್ಕ ತೆಗೆದು, ಮೋಟುಗೋಡೆಯ ಬುಡ ಗುಡಿಸಿ ಕೆಳಗಿಳಿಯುತ್ತಾಳೆ. ಬಿರುಬೇಸಿಗೆಯಲ್ಲೂ ಇದು ತಪ್ಪುವುದಿಲ್ಲ. ಜ್ವರ ಬಂದಾಗ ಗೋಡೆ ಹಿಡಿದುಕೊಂಡು ಹತ್ತಿದ್ದಾಳೆ. ಮಗಳ ಮದುವೆಯ ದಿನ ಹೊಸ ಬಟ್ಟೆಯಲ್ಲೇ ಹತ್ತಿದ್ದಳಂತೆ. "ಬೀಗರು ಬಾಗಿಲಲ್ಲಿ ನಿಂತಿದ್ರು, ಇವಳು ಮೇಲೆ ಪೈಪಿನ ಯೋಗಕ್ಷೇಮ ವಿಚಾರಿಸ್ತಾ ಇದ್ಲು" ಎಂದು ಅವಳ ಗಂಡ ಈಗಲೂ ಹೇಳಿ ನಗುತ್ತಾನೆ.

ಸೋರುವ ಮನೆಗೆ ಕರೆದರೆ ಅವಳು ಮೊದಲು ಗಾರೆ ಮೆತ್ತುವ ಕರಣೆಯನ್ನು ತಿರುಗಿಸಿ ಹಿಡಿದು, ಅದರ ಮರದ ಹಿಡಿಯಿಂದ ತಾರಸಿಯನ್ನು ತಟ್ಟುತ್ತ ಹೋಗುತ್ತಾಳೆ. ಗಟ್ಟಿಯಿದ್ದ ಕಡೆ ಒಂದು ಸದ್ದು, ಒಳಗೆ ಬಿಟ್ಟುಕೊಂಡು ಪೊಳ್ಳಾದ ಕಡೆ ಬೇರೆ ಸದ್ದು. ಅದಕ್ಕೇ ಮಕ್ಕಳು ತಟ್ಟಕ್ಕ ಎಂದು ಕರೆದರು, ದೊಡ್ಡವರೂ ಹಾಗೇ ಕರೆದರು. ಇಪ್ಪತ್ತು ವರ್ಷ ಅವಳು ಸ್ಲ್ಯಾಬ್ ಹಾಕುವ ಕಡೆ ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತವಳು. ಸೋರಿಕೆ ನಿಲ್ಲಿಸುವುದನ್ನು ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. "ಸಂಜೆ ಆಗ್ತಿದ್ದ ಹಾಗೆ ಎಲ್ಲರಿಗೂ ಮನೆಗೆ ಹೋಗೋ ಆತುರ. ಕಲಸಿದ್ದು ಬೇಗ ಹರಡಲಿ ಅಂತ ಇನ್ನೊಂದು ಬಿಂದಿಗೆ ನೀರು ಸುರಿಯೋರು. ಆ ಬಿಂದಿಗೆ ಹತ್ತು ವರ್ಷ ಬಿಟ್ಟು ಮನೆಯೋರ ತಲೆ ಮೇಲೆ ಹನಿ ಹನಿಯಾಗಿ ಬೀಳುತ್ತೆ. ಸುರಿದೋರೂ ನಾವೇ, ನಿಲ್ಲಿಸೋರೂ ನಾವೇ" ಎನ್ನುತ್ತಾಳೆ.

ನನ್ನ ಅಕ್ಕನ ಮನೆಗೆ ಅವಳು ಬಂದದ್ದು ಕೊನೆಯ ಭರವಸೆಯಾಗಿ. ಭಾವ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಾಗದ ಕತ್ತರಿಸುವ ಯಂತ್ರ, ಒತ್ತುವ ಯಂತ್ರ, ಗೋಡೆಯುದ್ದಕ್ಕೂ ಕಾಗದದ ಕಟ್ಟುಗಳು. ಮೂರು ಮಳೆಗಾಲದಿಂದ ಆ ಕೋಣೆಯ ಫ್ಯಾನಿನ ಬುಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಮೂರು ವರ್ಷ ಮೂವರು ಬಂದು ಫ್ಯಾನಿನ ನೇರಕ್ಕೆ ತಾರಸಿಯ ಮೇಲೆ ಗಾರೆ ಮೆತ್ತಿ ಹೋಗಿದ್ದರು. ಕೊನೆಗೆ ಒಬ್ಬ ಇಂಜಿನಿಯರ್ ನೋಡಿ, ಸ್ಲ್ಯಾಬ್ ಒಡೆದು ಹೊಸದಾಗಿ ಹಾಕಬೇಕು ಎಂದರು. ಒಡೆದರೆ ಯಂತ್ರಗಳು ಹೊರಗೆ ಬರಬೇಕು, ಕೆಲಸ ತಿಂಗಳುಗಟ್ಟಲೆ ನಿಲ್ಲಬೇಕು. ಪುಸ್ತಕ ಕಟ್ಟಲು ಕೊಡುವ ಶಾಲೆಗಳವರು ಅಷ್ಟು ದಿನ ಕಾಯುವುದಿಲ್ಲ, ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಭಾವ ರಾತ್ರಿ ಊಟಕ್ಕೆ ಕೂತರೂ ಕಣ್ಣು ಮಾತ್ರ ಮೇಲೆಯೇ.

ತಟ್ಟಕ್ಕ ಅರ್ಧ ದಿನ ತಟ್ಟಿದಳು. ಫ್ಯಾನಿನ ನೇರಕ್ಕೆ ತಟ್ಟಿ ಮುಂದೆ ಸರಿದಳು. ಹತ್ತು ಹೆಜ್ಜೆ ಆಚೆ, ಬಟ್ಟೆ ಒಣಗಿಸುವ ತಂತಿಗೆಂದು ಸ್ಲ್ಯಾಬ್ ಕೊರೆದು ನಿಲ್ಲಿಸಿದ್ದ ಕಬ್ಬಿಣದ ಕಂಬದ ಬುಡದಲ್ಲಿ ಕರಣೆ ಬೇರೆಯೇ ಸದ್ದು ಮಾಡಿತು.

"ಈ ಕಂಬ ಯಾರು ನೆಡಿಸಿದ್ದು?"

ಭಾವ ಅಕ್ಕನ ಮುಖ ನೋಡಿದರು.

"ನನ್ನೇನು ನೋಡ್ತೀರಿ? ಬಟ್ಟೆ ನಿಮ್ಮ ತಲೆ ಮೇಲೆ ಒಣಗಿಸಬೇಕಿತ್ತಾ?" ಎಂದಳು ಅಕ್ಕ.

"ಜಗಳ ಆಮೇಲೆ ಆಡಿ, ಅಮ್ಮ" ಎಂದು ತಟ್ಟಕ್ಕ ನಕ್ಕಳು. "ನೀರು ಇಲ್ಲಿ ಇಳಿದು, ಸ್ಲ್ಯಾಬ್ ಒಳಗಿರೋ ಕರೆಂಟ್ ಪೈಪ್ ಹಿಡ್ಕೊಂಡು ಹೋಗಿ ಫ್ಯಾನಿನ ಹತ್ರ ಹೊರಗೆ ಬರ್ತಿದೆ. ಕಳ್ಳ ಹಿತ್ತಲಲ್ಲಿ ನುಗ್ಗಿದ್ದಾನೆ, ಮೂರು ವರ್ಷದಿಂದ ಮುಂಬಾಗಿಲಿಗೆ ಬೀಗ ಹಾಕ್ತಿದ್ದೀರಿ. ಒಡೆಯೋದು ಬೇಡ ಅಣ್ಣ. ಸ್ಲ್ಯಾಬ್ ಗಟ್ಟಿಯಾಗಿದೆ."

ಭಾವ ಇಂಜಿನಿಯರಿಗೆ ಫೋನ್ ಮಾಡಿದರು. "ಮಾಡಿಸಿ ನೋಡಿ. ಮೊದಲ ದೊಡ್ಡ ಮಳೆಗೆ ಸೋರಿದರೆ ಮಾತ್ರ ಒಡೆಸೋಕೆ ಇನ್ನು ತಡ ಮಾಡಬೇಡಿ" ಎಂದರು ಅವರು. ಭಾವ ಒಪ್ಪಿಕೊಂಡರು.

ಹನ್ನೊಂದು ದಿನ ಕೆಲಸ ನಡೆಯಿತು. ಹಿಂದಿನ ಮೂವರು ಮೆತ್ತಿದ್ದ ಗಾರೆಯನ್ನೆಲ್ಲ ಉಳಿಯಿಂದ ಎಬ್ಬಿಸಿದಳು. ಕಂಬ ಕಿತ್ತು, ಬಿರುಕನ್ನು ಅಗಲ ಮಾಡಿ, ತುಕ್ಕು ಕೆರೆದು, ಧೂಳನ್ನು ಬ್ರಷ್ಷಿನಿಂದ ತೊಳೆದು ಗಾರೆ ತುಂಬಿದಳು. ಮೋಟುಗೋಡೆ ಸ್ಲ್ಯಾಬಿಗೆ ಕೂಡುವ ಸಂದಿಯನ್ನು ಗಾರೆಯಿಂದ ದುಂಡಗೆ ಮಾಡಿದಳು. ಮೇಲೆ ಹೊಸ ಗಾರೆ ಹಾಕುವಾಗ ನೀರು ಪೈಪಿನ ಕಡೆಗೇ ಹರಿಯುವಂತೆ ವಾಟ ಕೊಟ್ಟಳು. ನಾನು ಚಹಾ ತೆಗೆದುಕೊಂಡು ಹೋದಾಗ ಅಂಗೈಯಿಂದ ಗಾರೆ ಸವರುತ್ತ ಕೂತಿರುತ್ತಿದ್ದಳು. ಮಲಗಿದ ಮಗುವಿನ ಬೆನ್ನು ಸವರುವ ಕೈ ಅದು. ಹಾಗೆ ಮಾಡುವ ಕೆಲಸ ಪ್ರಾರ್ಥನೆಗಿಂತ ಕಡಿಮೆಯದೆಂದು ನನಗೆ ಅನಿಸುತ್ತಿರಲಿಲ್ಲ.

ಹೊಸ ಗಾರೆ ಬಿರಿಯದೆ ಗಟ್ಟಿಯಾಗಲು ವಾರವಿಡೀ ಒದ್ದೆಯಾಗಿರಬೇಕು. ಅದಕ್ಕಾಗಿ ಅವಳು ಹಳೆಯ ನೀಲಿ ಬಟ್ಟೆಯೊಂದನ್ನು ಮುದ್ದೆ ಮಾಡಿ ಪೈಪಿನ ಬಾಯಿಗೆ ಬಿಗಿಯಾಗಿ ತುರುಕಿ, ತಾರಸಿಯ ಮೇಲೆ ಎರಡು ಬೆರಳಿನಷ್ಟು ನೀರು ನಿಲ್ಲಿಸಿದಳು. ವಾರ ಮುಗಿದ ಮೇಲೆ ಬಂದು, ಸುತ್ತ ತಟ್ಟಿ ನೋಡಿ, "ಇನ್ನು ಮಳೆ ಬರಲಿ" ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದಳು.

ಮೂರನೆಯ ದಿನ ಮಧ್ಯಾಹ್ನ ಮಳೆ ಬಂದಿತು. ಎರಡು ಗಂಟೆ ಬಿಡದೆ ಸುರಿಯಿತು. ನಾನು ಅಕ್ಕನ ಜೊತೆ ಅಡುಗೆಮನೆಯಲ್ಲಿದ್ದೆ. ಭಾವನ ಕೂಗಿಗೆ ಓಡಿ ಬಂದರೆ, ಮುಂದಿನ ಕೋಣೆಯ ನೆಲದ ತುಂಬ ನೀರು. ಮೂವರೂ ಸೇರಿ ಕಾಗದದ ಕಟ್ಟುಗಳನ್ನು ಮೇಜಿನ ಮೇಲೆ, ಮಂಚದ ಮೇಲೆ, ಒಲೆಯ ಕಟ್ಟೆಯ ಮೇಲೂ ಎತ್ತಿಟ್ಟೆವು. ಕೆಳಗಿದ್ದ ಎರಡು ಕಟ್ಟು ನೆನೆದೇ ಹೋದವು. ಅಕ್ಕ ತಟ್ಟಕ್ಕನಿಗೆ ಫೋನ್ ಮಾಡಿ "ನೀರು ಬಂತು" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಭಾವ ಯಂತ್ರದ ಮೇಲೆ ಕೈಯಿಟ್ಟು ನಿಂತಿದ್ದರು. "ಆಯ್ತು ಬಿಡು. ಇಂಜಿನಿಯರಿಗೆ ಹೇಳಿಬಿಡ್ತೀನಿ. ಒಡೀಲಿ" ಎಂದರು. ಆ ದನಿಯಲ್ಲಿ ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು.

ತಟ್ಟಕ್ಕ ಎರಡು ಬೀದಿಯಾಚೆಯ ಕೆಲಸ ಬಿಟ್ಟು ನೆನೆದುಕೊಂಡೇ ಬಂದಳು. ಯಾರ ಮುಖವನ್ನೂ ನೋಡದೆ ಮೊದಲು ಮೇಲೆ ನೋಡಿದಳು. ಸ್ಟೂಲ್ ಎಳೆದು ಹತ್ತಿ ಫ್ಯಾನಿನ ಸುತ್ತ ಅಂಗೈ ಒತ್ತಿದಳು. ಇಳಿದು ಮೆಟ್ಟಿಲ ಕಡೆ ತಿರುಗಿದಳು. ತಾರಸಿಗೆ ಹೋಗುವ ಮೆಟ್ಟಿಲು ಆ ಕೋಣೆಯಿಂದಲೇ ಹತ್ತುತ್ತದೆ. ಒಂದೊಂದು ಮೆಟ್ಟಿಲಿನಿಂದಲೂ ನೀರು ಸಣ್ಣಗೆ ಇಳಿಯುತ್ತಿತ್ತು. ಗಾಬರಿಯಲ್ಲಿ ನಮಗೆ ಯಾರಿಗೂ ಅದು ಕಂಡಿರಲಿಲ್ಲ.

ಅವಳ ಹಿಂದೆ ನಾನೂ ಹತ್ತಿದೆ. ತಾರಸಿ ಕೆರೆಯಾಗಿತ್ತು. ನೀರು ಬಾಗಿಲ ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ಅವಳು ಆ ನೀರಿನಲ್ಲಿ ನಡೆದು ಮೂಲೆಗೆ ಹೋಗಿ ಬಗ್ಗಿದಳು. ನನಗೆ ಕಂಡದ್ದು ಬೆನ್ನು ಮಾತ್ರ. ತೋಳು ಮೊಣಕೈವರೆಗೆ ನೀರಿಗಿಳಿಯಿತು. ಗೊಳಗೊಳ ಎಂದು ಪೈಪು ನೀರು ನುಂಗತೊಡಗಿತು. ಅವಳು ಎಷ್ಟೋ ಹೊತ್ತು ಎದ್ದು ನಿಲ್ಲಲಿಲ್ಲ. ಕೈಯಲ್ಲಿದ್ದುದನ್ನು ಗೋಡೆಯಾಚೆ ಎಸೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕೆಳಗೆ ಬಂದು ಅದನ್ನು ಭಾವನ ಮುಂದೆ ಮೇಜಿನ ಮೇಲಿಟ್ಟಳು. ಮುದ್ದೆಯಾದ ನೀಲಿ ಬಟ್ಟೆ.

"ಇದು ನಂದು ಅಣ್ಣ. ನಿಲ್ಲಿಸಿದ ನೀರು ಬಿಡೋವಾಗ ಇದನ್ನ ಎಳೀತೀನಿ, ಯಾವಾಗ್ಲೂ ಹಾಗೇ. ಈ ಸಲ ಆ ಬಿಸಿಲಿಗೆ ನೀರೆಲ್ಲ ತಾನೇ ಒಣಗಿ ಹೋಗಿತ್ತು. ಬಿಡೋಕೆ ನೀರೇ ಇರಲಿಲ್ಲ, ಕೈ ಈ ಕಡೆ ಬರಲೇ ಇಲ್ಲ. ಒಣಗಿದ ತಾರಸಿ ನೋಡಿ ಮರೆತೆ."

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಚೆನ್ನಾಗಿದೆ! ನಿಮ್ಮನೆ ಪೈಪಿಗೆ ದಿನಾ ಬೆಳಿಗ್ಗೆ ಉಪಚಾರ, ನಮ್ಮನೆ ಪೈಪಿಗೆ ಬಾಯಿಗೆ ಬಟ್ಟೆ!"

"ಬೈಯಿರಿ ಅಮ್ಮ, ಬೈಸಿಕೊಳ್ಳೋಕೇ ಬಂದಿದ್ದೀನಿ."

ಭಾವ ಬಟ್ಟೆಯನ್ನೇ ನೋಡುತ್ತಿದ್ದವರು ತಲೆಯೆತ್ತಿದರು. "ಮೇಲೆ ಎಷ್ಟು ನೀರಿತ್ತು?"

"ಪಾದ ಮುಳುಗೋ ಅಷ್ಟು."

"ಎರಡು ಗಂಟೆಯಿಂದ ಅಷ್ಟು ನೀರು ಸ್ಲ್ಯಾಬ್ ಮೇಲೆ ನಿಂತಿತ್ತಾ?"

ಭಾವ ತಾವೇ ಸ್ಟೂಲ್ ಹತ್ತಿ ಫ್ಯಾನಿನ ಬುಡ ಮುಚ್ಚುವ ಬಟ್ಟಲು ಸರಿಸಿ ಒಳಗೆ ಬೆರಳಿಟ್ಟರು. ಬೆರಳನ್ನು ನಮಗೆಲ್ಲ ತೋರಿಸಿದರು. ಧೂಳು ಹತ್ತಿತ್ತು, ಒಣಧೂಳು. ಸ್ಟೂಲಿನ ಮೇಲೆ ನಿಂತುಕೊಂಡೇ ಅವರು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಮೂರು ಮಳೆಗಾಲದಿಂದ ಆ ಮನೆಯಲ್ಲಿ ಕೇಳಿರದ ನಗು ಅದು. ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ತಪ್ಪನ್ನೂ ಇಷ್ಟು ಒಳ್ಳೆಯ ಕೆಲಸಕ್ಕೆ ಬಳಸಿಕೊಳ್ಳುವುದು ಅವನಿಗೆ ಮಾತ್ರ ಬರುತ್ತದೆ.

ಮರುದಿನ ಇಂಜಿನಿಯರ್ ಬಂದರು. ನಡೆದದ್ದನ್ನು ಕೇಳಿಸಿಕೊಂಡು, ಒಳಗೂ ಹೊರಗೂ ನೋಡಿದರು. "ಇದಕ್ಕಿಂತ ದೊಡ್ಡ ಪರೀಕ್ಷೆ ನಾನಾದರೂ ಮಾಡಿಸ್ತಿರಲಿಲ್ಲ" ಎಂದರು. ಒಡೆಯುವ ಮಾತು ಅಲ್ಲಿಗೆ ಮುಗಿಯಿತು. ಯಂತ್ರಗಳು ಇದ್ದಲ್ಲೇ ಉಳಿದವು. ನೆನೆದ ಕಾಗದವನ್ನು ತಟ್ಟಕ್ಕ ಇಡೀ ದಿನ ನಮ್ಮೊಂದಿಗೆ ಕೂತು ಹಾಳೆ ಹಾಳೆಯಾಗಿ ಬಿಡಿಸಿ ಒಣಗಿಸಿದಳು. ಬೇಡವೆಂದರೂ ಕೇಳಲಿಲ್ಲ.

ಆದರೆ ಬೀದಿಗೆ ಬಾಯಿ ಇರುತ್ತದಲ್ಲ. ತಟ್ಟಕ್ಕ ಸರಿಮಾಡಿದ ಮನೆಗೇ ನೀರು ನುಗ್ಗಿತಂತೆ ಎಂದು ಸಂಜೆಯೊಳಗೆ ಸುದ್ದಿಯಾಯಿತು. ಅವಳಿಗೆ ಕೆಲಸ ಹೇಳಿದ್ದ ಎರಡು ಮನೆಯವರು, ಈಗಲೇ ಬೇಡ, ನೋಡೋಣ ಎಂದರು. ಅವಳು ಚೀಲ ಎತ್ತಿಕೊಂಡು ಹೊರಟಾಗ ಭಾವ ಬಾಗಿಲವರೆಗೆ ಬಂದರು.

"ತಟ್ಟಕ್ಕ, ನನ್ನ ಕೋಣೆ ಉಳಿಸಿಕೊಟ್ಟಿದ್ದೀರಿ. ನಾನೇ ಮನೆಮನೆಗೂ ಹೋಗಿ ಹೇಳಿ ಬರ್ತೀನಿ, ಪೈಪಿಗೆ ಎಲೆ ಕಟ್ಟಿಕೊಂಡಿತ್ತು, ನಾವೇ ಗುಡಿಸಿರಲಿಲ್ಲ ಅಂತ. ನಮಗೇನು ನಷ್ಟ? ನಿಮ್ಮ ಹೆಸರು ಉಳಿಯುತ್ತೆ."

"ಬೇಡ ಅಣ್ಣ" ಎಂದಳು ತಟ್ಟಕ್ಕ. "ಎಲೆ ಪಾಪ ಏನು ಮಾಡ್ತು? ಬಟ್ಟೆ ಮರೆತ್ಲು ಅಂತಾನೇ ಹೇಳಿ. ಆಗ ನಾನು ಕೆಲಸ ಮುಗಿಸಿ ಇಳಿಯೋವಾಗ ಪ್ರತಿಯೊಂದು ಮನೆಯೋರೂ ತಡೆದು ಕೇಳ್ತಾರೆ, ಪೈಪಿನ ಬಟ್ಟೆ ತೆಗೆದ್ಯಾ ಅಂತ. ನನಗೂ ವಯಸ್ಸಾಗ್ತಾ ಬಂತು. ಕೇಳೋರು ಬೇಕು."