ಥರ್ಮೋಸ್ಟಾಟ್ ಒಡೆಯರು ಮೆಕ್ಸಿಕೋದಲ್ಲಿ

ಮೆಕ್ಸಿಕೋದಲ್ಲಿ ನಮ್ಮ ಯಜಮಾನರು ಮಾಡಿದ ಮೊದಲ ಶಾಪಿಂಗ್ ಏನು ಗೊತ್ತೆ? ಕಿವಿ ಮುಚ್ಚುವ ಉಣ್ಣೆ ಟೋಪಿ.

ನಾವು ಹೊರಟಿದ್ದು ಕಾನ್‌ಕುನ್ ಬೀಚಿಗೆ. ಅವರ ಸೂಟ್‌ಕೇಸಿನ ತುಂಬ ಚಡ್ಡಿ, ಟೀ ಶರ್ಟು. ನಡುವೆ ಎರಡು ದಿನ ಬೆಟ್ಟದ ಮೇಲಿನ ಸಾನ್ ಕ್ರಿಸ್ಟೋಬಾಲ್ ಊರನ್ನೂ ನೋಡಬೇಕೆಂದು ಮಗಳ ಹಟ. "ಅಲ್ಲಿ ಚಳಿಯಂತೆ ರೀ, ಸ್ವೆಟರ್ ಇಡ್ಲಾ?" ಎಂದು ಮೊದಲೇ ಕೇಳಿದ್ದೆ.

"ವಾರಿಂಗ್ಟನ್ನಿನಂಥ ಚಳಿ ಊರಲ್ಲಿ ಇರೋರಿಗೆ ಮೆಕ್ಸಿಕೋ ಚಳಿ ತೋರಿಸ್ತೀಯೇನೆ?" ಎಂದು ನಕ್ಕಿದ್ದರು.

ಚಳಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವರದೇ ಕಾನೂನು. ಹಗಲಿನಲ್ಲಿ ಹೀಟಿಂಗ್ ಇಲ್ಲ. ಮನೆಯ ಬಿಸಿ ಏರಿಸಿ ಇಳಿಸುವ ಥರ್ಮೋಸ್ಟಾಟಿನ ಆಪ್ ಅವರ ಫೋನಿನಲ್ಲಿ, ಪಿನ್ ಅವರ ತಲೆಯಲ್ಲಿ. ಚಳಿ ಎಂದರೆ ಒಂದೇ ಉತ್ತರ: "ಜಂಪರ್ ಹಾಕ್ಕೊ." (ನಮ್ಮೂರಲ್ಲಿ ಸ್ವೆಟರಿಗೆ ಜಂಪರ್ ಎನ್ನುತ್ತಾರೆ.) ಮನೆಯಿಂದಲೇ ಕೆಲಸ ಮಾಡುವ ನಾನು ಬಿಸಿನೀರಿನ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಮೀಟಿಂಗಿಗೆ ಕೂರುತ್ತೇನೆ. (ಬಾಯ್ಲರ್ ಪಕ್ಕದ ಬೆಚ್ಚನೆಯ ಜಾಗ ದೋಸೆ ಹಿಟ್ಟಿಗೆ ಮೀಸಲು. ಅದಕ್ಕೆ ಹುದುಗು ಬರಬೇಕಲ್ಲ.)

ಸಾನ್ ಕ್ರಿಸ್ಟೋಬಾಲ್ ಚೆಂದದ ಊರು. ಹೆಂಚಿನ ಮನೆಗಳು, ಕಲ್ಲು ಹಾಸಿದ ಬೀದಿಗಳು, ಬೆಳಗಿನ ಮಂಜಿನೊಳಗೆ ಪೈನ್ ಸೌದೆಯ ಹೊಗೆ. ಹಗಲು ಹಿತವಾದ ಬಿಸಿಲು. ಸೂರ್ಯ ಬೆಟ್ಟದ ಹಿಂದೆ ಸರಿದನೋ, ಗೋಡೆಗಳೆಲ್ಲ ಐಸು.

ಮೊದಲ ಸಂಜೆಯೇ ಯಜಮಾನರು ರೂಮಿನ ಮೂಲೆಮೂಲೆ ಹುಡುಕಿದರು. ರೂಮು ಬೆಚ್ಚಗಿಡುವ ರೇಡಿಯೇಟರ್ ಇಲ್ಲ. ಗೆಸ್ಟ್‌ಹೌಸಿನ ಒಡತಿ ನಗುತ್ತ ಇನ್ನೊಂದು ಕಂಬಳಿ ತಂದುಕೊಟ್ಟರು. ಇಲ್ಲಿ ಯಾರ ಮನೆಯಲ್ಲೂ ಹೀಟರ್ ಇಲ್ಲ, ಹೊದ್ದು ಮಲಗಿದರೆ ಆಯಿತು ಎಂದರು.

ಮಗಳು ಇದಕ್ಕೇ ಕಾದಿದ್ದಳು. "ಪುಟ್ ಅ ಜಂಪರ್ ಆನ್, ಅಪ್ಪಾ."

"ತಂದಿದ್ರೆ ಹಾಕ್ಕೊಳ್ತಿರ್ಲಿಲ್ವಾ?"

ಎದುರಿನ ಅಂಗಡಿಗೆ ಓಡಿಹೋಗಿ ಸಿಕ್ಕ ಉಣ್ಣೆ ಟೋಪಿ ತಂದರು. ಎರಡು ಕಂಬಳಿ ಹೊದ್ದು, ಮೂಗಷ್ಟೇ ಹೊರಗೆ ಬಿಟ್ಟು ಕೂತರು. ನಾನು ಪಕ್ಕದಲ್ಲಿ ಒಂದು ಕಾರ್ಡಿಗನ್ ತೊಟ್ಟು ಆರಾಮಾಗಿ ಹಾಟ್ ಚಾಕೊಲೇಟ್ ಕುಡಿಯುತ್ತಿದ್ದೆ.

"ನಿನಗೆ ಚಳಿ ಆಗ್ತಿಲ್ವೇನೆ?"

"ಹಗಲು ಹೊತ್ತು ನಮ್ಮನೆ ಹೀಗೇ ಇರುತ್ತೆ ರೀ."

"ಸುಮ್ನೆ ಏನೇನೋ ಹೇಳ್ಬೇಡ."

"ನೀವ್ಯಾವತ್ತು ಹಗಲು ಮನೇಲಿದ್ರಿ?"

ಕಂಬಳಿಯನ್ನು ಮೂಗಿನ ಮೇಲಕ್ಕೂ ಎಳೆದುಕೊಂಡರು. ನಮ್ಮೂರ ಬರ್ಚ್‌ವುಡ್ಡಿನಲ್ಲಿರುವ ಅವರ ಆಫೀಸಿನಲ್ಲಿ ದಿನವಿಡೀ ಕಂಪನಿ ಖರ್ಚಿನ ಹೀಟಿಂಗ್. ಅಂಗಿ ತೋಳು ಮಡಿಸಿಕೊಂಡು ಕೆಲಸ ಮಾಡುತ್ತಾರೆ. ಸಂಜೆ ಮನೆಗೆ ಬರುವ ಹೊತ್ತಿಗೆ ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ, ಕಾವಲಿ ಕಾದಿರುತ್ತದೆ, ಅಡುಗೆಮನೆಯ ಕಿಟಕಿಯೆಲ್ಲ ಬೆವರಿರುತ್ತದೆ. ಹೀಟಿಂಗ್ ಇಲ್ಲದೆಯೂ ಮನೆ ಬೆಚ್ಚಗೇ ಇದೆಯೆಂದು, ಪಾಪ, ಇಷ್ಟು ವರ್ಷ ನಿಜವಾಗಿಯೂ ನಂಬಿದ್ದರು.

ಕಂಬಳಿಯೊಳಗಿಂದ ದನಿ ಬಂತು. "ಥರ್ಮೋಸ್ಟಾಟಿನ ಪಿನ್ ಹೇಳ್ತೀನಿ, ನಿನ್ನ ಫೋನಿಗೂ ಆಪ್ ಹಾಕ್ಕೊ."

ಉಳಿತಾಯದ ಕಾನೂನು ಮಾಡುವವರನ್ನೆಲ್ಲ ಎರಡು ದಿನ ಅದರೊಳಗೇ ವಾಸಕ್ಕೆ ಬಿಟ್ಟರೆ ಹೇಗೆ?